ಸರ್ವೀಸ್ ಬಿಲ್ಲಿನಲ್ಲಿರುವುದೆಲ್ಲ ಗಾಡಿಯಲ್ಲಿಯೂ ಇದೆಯೇ?

ಎರಡು ವರ್ಷಗಳ ಹಿಂದೆ, ಕಡಲೆ ರಾಶಿಯ ಕಾಲದಲ್ಲಿ, ಹುಬ್ಬಳ್ಳಿಯ ಗ್ಯಾರೇಜೊಂದರಿಂದ ನನ್ನ ಪೆಟ್ರೋಲ್ ಕಾರನ್ನು ಸರ್ವೀಸ್ ಮುಗಿಸಿಕೊಂಡು ತಂದಾಗ ಬಿಲ್ಲಿನಲ್ಲಿ ‘ಏರ್ ಫಿಲ್ಟರ್ – 1’ ಎಂಬ ಸಾಲೊಂದಿತ್ತು. ಮನೆಗೆ ಬಂದು, ಏಕೋ ಸಂಶಯ ಬಂದು, ಬಾನೆಟ್ ಎತ್ತಿ ಫಿಲ್ಟರ್ ಪೆಟ್ಟಿಗೆಯ ಕ್ಲಿಪ್ಪುಗಳನ್ನು ಬಿಚ್ಚಿ ನೋಡಿದೆ. ನವಲಗುಂದದ ಕಡೆ ರಸ್ತೆಯ ಮೇಲೆ ಹರವಿದ್ದ ಕಡಲೆಯ ಮೇಲೆ ಹಾಯ್ದು ಬಂದಿದ್ದಾಗ ಸೇರಿಕೊಂಡ ಹೊಟ್ಟು, ಕಾಗದದ ಮಡಿಕೆಗಳ ನಡುವೆ ಎರೆಮಣ್ಣಿನ ಧೂಳಿನೊಂದಿಗೆ ಹಾಗೆಯೇ ಕುಳಿತಿತ್ತು. ಫೋನ್ ಮಾಡಿದರೆ, “ಹೊಸಾದ ಹಾಕೇವ್ರೀ ಸರ, ಈಗ ಧೂಳಿ ಭಾಳ ಐತಿ, ಲಗೂನ ಹೊಲಸಾಗತೈತಿ” ಎಂಬ ಉತ್ತರ ಬಂತು. ಗ್ಯಾರೇಜಿನಿಂದ ನನ್ನ ಮನೆಗೆ ಆರು ಕಿಲೋಮೀಟರ್. ಆದರೂ ನಾನು ಮರುಮಾತಾಡಲಾಗಲಿಲ್ಲ. ಅದು ಹಳೆಯ ಫಿಲ್ಟರ್ ಎಂದು ತೋರಿಸಲು ನನ್ನ ಬಳಿ ಗುರುತೂ ಇರಲಿಲ್ಲ, ಫೋಟೋ ಕೂಡ ಇರಲಿಲ್ಲ.

ಆದ್ದರಿಂದ ಈ ಪರೀಕ್ಷೆಯ ಮುಕ್ಕಾಲು ಭಾಗವನ್ನು ಗಾಡಿಯನ್ನು ಗ್ಯಾರೇಜಿಗೆ ಬಿಡುವ ಹಿಂದಿನ ದಿನವೇ ಮಾಡಿ ಮುಗಿಸಬೇಕು. ಅದಕ್ಕೆ ಬೇಕಾಗುವುದು ಒಂದು ಅಳಿಸದ ಮಾರ್ಕರ್ ಪೆನ್ನು, ಸ್ವಲ್ಪ ಉಗುರುಬಣ್ಣ, ಒಂದು ಸೀಮೆಸುಣ್ಣದ ತುಂಡು ಮತ್ತು ಮೊಬೈಲು. ಏರ್ ಫಿಲ್ಟರನ್ನು ಹೊರತೆಗೆದು ಅದರ ರಬ್ಬರ್ ಅಂಚಿನ ಮೇಲೆ ತಾರೀಖು ಬರೆದು ಮರಳಿ ಕೂರಿಸಿರಿ. ಎಸಿ ಫಿಲ್ಟರ್ ಬಹಳಷ್ಟು ಕಾರುಗಳಲ್ಲಿ ಮುಂದಿನ ಸೀಟಿನೆದುರಿನ ಡಬ್ಬಿಯ ಹಿಂದೆ ಇರುತ್ತದೆ. ಅದಕ್ಕೂ ಹೀಗೆಯೇ ಮಾಡಬಹುದು. ಎಂಜಿನ್ ತಣ್ಣಗಿದ್ದಾಗ, ಕೈಗೆ ಎಟುಕುವಂತಿದ್ದರೆ ಆಯಿಲ್ ಫಿಲ್ಟರಿನ ಮೈಮೇಲೆ ಉಗುರುಬಣ್ಣದ ಒಂದು ಚುಕ್ಕೆ ಇಡಿರಿ. ಟೈರುಗಳನ್ನು ಅದಲುಬದಲು ಮಾಡಿಸುವುದಿದ್ದರೆ ಪ್ರತಿ ಟೈರಿನ ಒಳಮಗ್ಗುಲಿಗೆ ಅದು ಎಲ್ಲಿದೆಯೆಂದು ಸೀಮೆಸುಣ್ಣದಿಂದ ಬರೆಯಿರಿ, ಏಕೆಂದರೆ ಹೊರಮಗ್ಗುಲಿನ ಬರಹ ವಾಷಿಂಗಿನಲ್ಲಿ ಮೊದಲು ಹೋಗುತ್ತದೆ. ಚಕ್ರ ಬಿಚ್ಚಿ ಬ್ರೇಕ್ ಸ್ವಚ್ಛ ಮಾಡುವ ಕೆಲಸಕ್ಕೆ, ಒಂದು ನಟ್ಟಿನಿಂದ ರಿಮ್ಮಿನವರೆಗೆ ಉಗುರುಬಣ್ಣದ ಸಣ್ಣ ಗೆರೆ ಎಳೆದರೆ ಸಾಕು. ನಟ್ಟು ಬಿಚ್ಚಿದ್ದರೆ ಆ ಗೆರೆ ಮರಳಿ ಕೂಡುವುದು ಕಷ್ಟ. ಎಲ್ಲದರ ಫೋಟೋ ತೆಗೆದುಕೊಳ್ಳಿ, ಮೀಟರಿನದೂ ಸೇರಿ. ಟ್ರಯಲ್ಲಿಗೆಂದು ನಾಲ್ಕೈದು ಕಿಲೋಮೀಟರ್ ಓಡಿಸುವುದು ಸಹಜ. ಹುಬ್ಬಳ್ಳಿಯಲ್ಲಿ ಬಿಟ್ಟ ಗಾಡಿಯ ಮೀಟರು 40 ಕಿಲೋಮೀಟರ್ ಮುಂದೆ ಹೋಗಿದ್ದರೆ ಅದು ಧಾರವಾಡ ನೋಡಿಕೊಂಡು ಬಂದಿದೆ ಎಂದೇ ತಿಳಿಯಬೇಕು.

ಗಾಡಿ ಬಿಡುವಾಗ, ಮಾಡಬೇಕಾದ ಕೆಲಸಗಳನ್ನು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ “ಬದಲಿಸಿದ ಹಳೆಯ ಭಾಗಗಳನ್ನು ಮರಳಿ ಕೊಡಬೇಕು” ಎಂದು ಬರೆಸಿರಿ. ರಸ್ತೆಬದಿಯ ಗ್ಯಾರೇಜಾದರೆ “ಹಳೇ ಸಾಮಾನು ಒಂದ್ ಚೀಲದಾಗ ಹಾಕಿ ಇಡ್ರಿ” ಎಂದರೆ ಆಯಿತು. ಇದೊಂದು ಮಾತಿನಿಂದ ಆಗುವಷ್ಟು ಉಪಯೋಗ ಮೇಲಿನ ಗುರುತುಗಳಿಂದಲೂ ಆಗುವುದಿಲ್ಲವೆಂಬುದು ನನ್ನ ಅನುಭವ. ಆದರೆ ಚೀಲದಲ್ಲಿ ಬಂದದ್ದು ನಿಮ್ಮ ಗಾಡಿಯದೇ ಹೌದೋ, ಮೂಲೆಯ ರಾಶಿಯಿಂದ ಎತ್ತಿಕೊಟ್ಟದ್ದೋ ಎಂಬುದನ್ನು ನಿಮ್ಮ ಗುರುತೇ ಹೇಳಬೇಕು. ಹಳೆಯ ಬ್ಯಾಟರಿಯನ್ನು ಅಂಗಡಿಯವರು ಬೆಲೆ ಕಟ್ಟಿ ಇಟ್ಟುಕೊಂಡಿದ್ದರೆ ಅದನ್ನು ಕೇಳುವಂತಿಲ್ಲ. ಬಿಲ್ಲಿನಲ್ಲಿ ಆ ಮೊತ್ತ ಕಳೆದಿದೆಯೇ ಮತ್ತು ಹೊಸ ಬ್ಯಾಟರಿಯ ನಂಬರು ವಾರಂಟಿ ಕಾರ್ಡಿನ ನಂಬರಿಗೆ ತಾಳೆಯಾಗುತ್ತದೆಯೇ ಎಂದು ನೋಡಬೇಕು.

ಇನ್ನು ಎಂಜಿನ್ ಆಯಿಲ್. ಅತಿ ಹೆಚ್ಚು ಜಗಳ ಆಗುವುದೂ ಇಲ್ಲಿಯೇ, ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲಿಯೇ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದಾರು ನಿಮಿಷ ಬಿಟ್ಟು, ಎಣ್ಣೆಯ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೊಮ್ಮೆ ಪೂರ್ತಿ ಇಳಿಸಿ ತೆಗೆಯಿರಿ. ತುದಿಯನ್ನು ಬಿಳಿಯ ಕಾಗದದ ಮೇಲೆ ಒತ್ತಿದರೆ, ಪೆಟ್ರೋಲ್ ಗಾಡಿಯಲ್ಲಿ ಹೊಸ ಎಣ್ಣೆ ಜೇನಿನ ಬಣ್ಣದ, ಅಂಚಿನಲ್ಲಿ ತಿಳಿಯಾಗುವ ಕಲೆ ಬಿಡುತ್ತದೆ. ಕಲೆ ಕಡುಕಂದಾಗಿದ್ದರೆ ಪ್ರಶ್ನೆ ಕೇಳಲು ಕಾರಣವಿದೆ. ಡೀಸೆಲ್ ಗಾಡಿಯಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ: ಎಂಜಿನ್ನಿನೊಳಗೆ ಉಳಿದ ಹಳೆಯ ಎಣ್ಣೆ ಮತ್ತು ಮಸಿ ಬೆರೆತು ಹೊಸ ಎಣ್ಣೆಯೂ ಕೆಲವೇ ಕಿಲೋಮೀಟರುಗಳಲ್ಲಿ ಕಪ್ಪಾಗುತ್ತದೆ. ಎಣ್ಣೆ ಕಪ್ಪಾಗಿದೆಯೆಂದು ಪ್ರಾಮಾಣಿಕ ಮಿಸ್ತ್ರಿಯೊಬ್ಬನನ್ನು ಹತ್ತು ಜನರೆದುರು ಕಳ್ಳನೆಂದ ಡೀಸೆಲ್ ಗಾಡಿಯ ಯಜಮಾನರನ್ನು ನಾನು ಗೋಕುಲ ರಸ್ತೆಯಲ್ಲಿಯೇ ಕಂಡಿದ್ದೇನೆ.

ಡೀಸೆಲ್ ಗಾಡಿಗೆ ಸಾಕ್ಷಿ ಬೇರೆಡೆ ಸಿಗುತ್ತದೆ. ಹಳೆಯ ಎಣ್ಣೆ ಇಳಿಸಲು ಎಂಜಿನ್ನಿನ ತಳದಲ್ಲಿರುವ ಡ್ರೇನ್ ಬೋಲ್ಟಿನ ಸುತ್ತ ಧೂಳು ಒರೆಸಿ ಹೋಗಿದ್ದು, ಬೋಲ್ಟಿನ ಮೂಲೆಗಳಲ್ಲಿ ಪಾನಾ ಕೂತ ಹೊಳಪು ಕಾಣಬೇಕು. ಆದರೆ ಕೆಲವು ಸರ್ವೀಸ್ ಸೆಂಟರುಗಳಲ್ಲಿ ಡಿಪ್‌ಸ್ಟಿಕ್ ಕೊಳವೆಯ ಮೂಲಕ ಯಂತ್ರದಿಂದ ಎಣ್ಣೆಯನ್ನು ಮೇಲಿನಿಂದಲೇ ಹೀರಿ ತೆಗೆಯುತ್ತಾರೆ. ಅಲ್ಲಿ ಬೋಲ್ಟ್ ಮುಟ್ಟಿಲ್ಲವೆಂಬುದು ಮೋಸಕ್ಕೆ ಸಾಕ್ಷಿಯಲ್ಲ. ಆಗ ಆಯಿಲ್ ಫಿಲ್ಟರನ್ನು ನೋಡಬೇಕು. ಹೊಸ ಫಿಲ್ಟರಿನ ಬಣ್ಣ ಮತ್ತು ಅಚ್ಚು ಸ್ವಚ್ಛವಾಗಿರುತ್ತವೆ, ನಿಮ್ಮ ಚುಕ್ಕೆ ಇರುವುದಿಲ್ಲ. ಎಷ್ಟು ಲೀಟರ್ ಬೇಕೆಂದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಬಿಲ್ಲಿನ ಲೀಟರನ್ನು ಅದರೊಂದಿಗೆ ಹೋಲಿಸಿರಿ. 100 ಸಿಸಿ ಬೈಕಿಗೆ ಒಂದು ಲೀಟರಿಗೂ ಕಡಿಮೆ ಎಣ್ಣೆ ಸಾಕಾಗುತ್ತದೆ, ಆದರೂ ಪೂರ್ತಿ ಲೀಟರಿನ ಡಬ್ಬಿಯ ಬಿಲ್ಲು ಬರುವುದುಂಟು. ಉಳಿದ ಎಣ್ಣೆ ನಿಮ್ಮದು, ಡಬ್ಬಿಯೊಂದಿಗೆ ಕೇಳಿ ಪಡೆಯಿರಿ. ಡಿಪ್‌ಸ್ಟಿಕ್ಕಿನ ಮೇಲಿನ ಗುರುತನ್ನು ದಾಟಿ ಎಣ್ಣೆ ತುಂಬಿದ್ದರೆ ಅದೂ ತಪ್ಪು ಕೆಲಸವೇ, ಕಡಿಮೆ ಮಾಡಿಸಬೇಕು.

ಬ್ರೇಕ್ ಆಯಿಲ್ ಬದಲಿಸಿದ್ದರೆ ಅದರ ಬಿಳಿ ಡಬ್ಬಿಯಲ್ಲಿ ತಿಳಿಹಳದಿಯ ದ್ರವ ಕಾಣಬೇಕು. ಚಹಾದ ಬಣ್ಣವಿದ್ದರೆ ಬದಲಾಗಿಲ್ಲ. ಡಬ್ಬಿಯಲ್ಲಿದ್ದಷ್ಟನ್ನೇ ತೆಗೆದು ಹೊಸದನ್ನು ಸುರಿದಿದ್ದರೆ ಇದರಿಂದ ಗೊತ್ತಾಗುವುದಿಲ್ಲ, ಆದ್ದರಿಂದ ಹಳೆಯ ಬ್ರೇಕ್ ಆಯಿಲ್ ಹೊರಬಿಡಲು ಚಕ್ರಗಳ ಬಳಿ ಇರುವ ಬ್ಲೀಡರ್ ನಿಪ್ಪಲ್ಲುಗಳ ಸುತ್ತ ಧೂಳು ಹೋಗಿದೆಯೇ ಎಂದೂ ನೋಡಿರಿ. ಎಂಜಿನ್ ತಣಿಸುವ ದ್ರವವಾದ ಕೂಲಂಟನ್ನು ರೇಡಿಯೇಟರ್ ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಹೊರಗಿನಿಂದಲೇ ನೋಡಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ವೀಲ್ ಅಲೈನ್‌ಮೆಂಟಿಗೆ ಯಂತ್ರದಿಂದ ಬಂದ ಅಚ್ಚಾದ ಹಾಳೆ ಕೇಳಿ, ಅದರಲ್ಲಿ ಮೊದಲಿನ ಮತ್ತು ನಂತರದ ಅಳತೆಗಳೆರಡೂ ಇರಬೇಕು. ಬ್ಯಾಲೆನ್ಸಿಂಗಿನಲ್ಲಿ ತೂಕ ಕೂರಿಸಿದ್ದರೆ ರಿಮ್ಮಿನ ಮೇಲೆ ಧೂಳಿಲ್ಲದ ಹೊಸ ತುಂಡುಗಳು ಕಾಣುತ್ತವೆ. ಹೊಸ ಟೈರಿಗೆ ದುಡ್ಡು ಕೊಟ್ಟಿದ್ದರೆ ಅದರ ಮಗ್ಗುಲಿನಲ್ಲಿ ಅಚ್ಚಾದ ತಯಾರಿಕಾ ಕೋಡಿನ ಕೊನೆಯ ನಾಲ್ಕಂಕಿ ಓದಿರಿ: 1225 ಎಂದರೆ 2025ರ 12ನೆಯ ವಾರದಲ್ಲಿ ತಯಾರಾದದ್ದು.

ಯಾವ ಗುರುತಿಗೂ ಸಿಗದ ಕೆಲಸಗಳೂ ಇವೆ: ಇಂಜೆಕ್ಟರ್ ಕ್ಲೀನಿಂಗ್, ಎಂಜಿನ್ನಿನೊಳಗಿನ ಮಸಿ ತೆಗೆಯುವ ಡಿಕಾರ್ಬನೈಸಿಂಗ್, ಬಗೆಬಗೆಯ ‘ಟ್ರೀಟ್‌ಮೆಂಟ್’ಗಳು. ಪರೀಕ್ಷಿಸಲು ಬಾರದಿರುವುದರಿಂದಲೇ ಇವು ಬಿಲ್ಲಿನಲ್ಲಿ ಸಲೀಸಾಗಿ ಬೆಳೆಯುತ್ತವೆ ಎಂದು ನನಗೆ ಅನಿಸಿದೆ. ಕೈಪಿಡಿಯ ಸರ್ವೀಸ್ ಪಟ್ಟಿಯಲ್ಲಿ ಇರದ, ಗಾಡಿಯಲ್ಲಿ ತೊಂದರೆಯೂ ಕಾಣದ ಇಂಥ ಕೆಲಸಗಳನ್ನು ನಾನು ಬೇಡವೆನ್ನುತ್ತೇನೆ. ಮಾಡಿಸಲೇಬೇಕಾದರೆ ಪಕ್ಕದಲ್ಲಿ ನಿಂತು ಮಾಡಿಸುತ್ತೇನೆ. ಈ ವಿಷಯದಲ್ಲಿ ರಸ್ತೆಬದಿಯ ಮಿಸ್ತ್ರಿಯೇ ವಾಸಿ, ಏಕೆಂದರೆ ಅಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡಬಹುದು. ಗಾಜಿನ ಕೋಣೆಯ ಸೋಫಾದಿಂದ ಕಾಣುವುದು ಗಾಡಿಯ ಟಪ್ಪು ಮಾತ್ರ.

ಬಿಲ್ಲಿನಲ್ಲಿ ಪ್ರತಿ ಭಾಗದ ನಂಬರು, ಬೆಲೆ ಮತ್ತು ಕೂಲಿ ಬೇರೆಬೇರೆಯಾಗಿರಬೇಕು. ಜಿಎಸ್‌ಟಿ ಹಾಕಿದ್ದರೆ ಗ್ಯಾರೇಜಿನ 15 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ ಇರಲೇಬೇಕು, ಕರ್ನಾಟಕದ್ದಾದರೆ ಅದು 29ರಿಂದ ಆರಂಭವಾಗುತ್ತದೆ. ಸಂಖ್ಯೆ ಇಲ್ಲದವರು ತೆರಿಗೆ ವಸೂಲಿ ಮಾಡುವಂತಿಲ್ಲ.

ತಪ್ಪು ಕಂಡರೆ ಗಾಡಿಯನ್ನು ಓಡಿಸದೆ, ಸಾಧ್ಯವಾದರೆ ದುಡ್ಡು ಕೊಡುವ ಮುನ್ನವೇ, ಗ್ಯಾರೇಜಿನ ಅಂಗಳದಲ್ಲಿ ಬಾನೆಟ್ ತೆರೆದು “ಈ ಫಿಲ್ಟರಿನ ಮ್ಯಾಲೆ ನಾ ಬರದ ತಾರೀಖು ಐತ್ರಿ, ಒಮ್ಮೆ ನೋಡ್ರಿ” ಎಂದು ಸಮಾಧಾನದಿಂದ ಕೇಳಿರಿ. ಬಹುಪಾಲು ಪ್ರಸಂಗಗಳಲ್ಲಿ ಹುಡುಗನ ಮರೆವೆಂದು ಹೇಳಿ ಆಗಲೇ ಹೊಸದನ್ನು ಹಾಕಿಕೊಡುತ್ತಾರೆ, ಕೆಲವೊಮ್ಮೆ ಅದು ನಿಜವಾಗಿಯೂ ಮರೆವೇ ಆಗಿರುತ್ತದೆ. ಒಪ್ಪದಿದ್ದರೆ ಫೋಟೋಗಳೊಂದಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ನಂತರದ ದಾರಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ಹೋಗಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ; ಆದರೆ ಬಿಲ್ಲು, ಜಾಬ್ ಕಾರ್ಡು ಮತ್ತು ತಾರೀಖು ಬರೆದ ಆ ಹಳೆಯ ಫಿಲ್ಟರು ನಿಮ್ಮ ಕೈಯಲ್ಲಿರಬೇಕು.