ಕೆಳಗಿನ ಹಲ್ಲು ಸೆಟ್ ನಿಲ್ಲುತ್ತಿಲ್ಲವೇ? ಹೀಗೆ ಮಾಡಿ

ಮದುವೆ ಮನೆಗೆ ಹಲ್ಲು ಸೆಟ್ ಹಾಕಿಕೊಂಡು ಬಂದು, ಪಂಕ್ತಿಯಲ್ಲಿ ಕೂತ ಕೂಡಲೇ ಕೆಳಗಿನದನ್ನು ಮೆಲ್ಲನೆ ಕರವಸ್ತ್ರಕ್ಕೆ ಜಾರಿಸುವ ಹಿರಿಯರನ್ನು ನೀವೂ ಕಂಡಿರುತ್ತೀರಿ. ‘ಡಾಕ್ಟರು ಸರಿಯಾಗಿ ಮಾಡಿಲ್ಲ’ ಎಂಬ ದೂರು ಬೇರೆ. ಮಾಡಿಸಿದ ಹೊಸದರಲ್ಲಿ ಸರಿಯಾಗಿಯೇ ಇದ್ದ ಸೆಟ್ ವರ್ಷಗಳ ನಂತರ ಸಡಿಲವಾದರೆ, ಸಾಮಾನ್ಯವಾಗಿ ಅದರ ಕೆಳಗಿನ ದವಡೆಯೇ ಕುಗ್ಗಿರುತ್ತದೆ.

ಹಲ್ಲು ಹೋದ ಜಾಗದ ಮೂಳೆ ಮೊದಲ ವರ್ಷ ಬೇಗನೆ ಸವೆಯುತ್ತದೆ, ಆಮೇಲೆ ನಿಧಾನವಾಗಿ, ಆದರೆ ಜೀವನಪೂರ್ತಿ. ಕೆಳದವಡೆ ಮೇಲಿನದಕ್ಕಿಂತ ಸುಮಾರು 4 ಪಟ್ಟು ಹೆಚ್ಚು ಸವೆಯುತ್ತದೆ ಎಂಬುದು ದೀರ್ಘಕಾಲದ ಅಧ್ಯಯನಗಳಲ್ಲಿ ಕಂಡದ್ದು. ಮೇಲಿನ ಸೆಟ್ ಅಂಗುಳಿಗೆ ಹೀರಿಕೊಂಡು ನಿಲ್ಲುತ್ತದೆ. ಕೆಳಗಿನದಕ್ಕೆ ಆ ಆಸರೆಯಿಲ್ಲ, ಮೇಲಾಗಿ ನಾಲಿಗೆಯ ಕಾಟ.

ಮೊದಲ ಕೆಲಸ, ನೋವಿನ ಜಾಗ ಹಿಡಿಯುವುದು. ನೋವೆಂದು ಸೆಟ್ಟನ್ನು ವಾರಗಟ್ಟಲೆ ಡಬ್ಬಿಯಲ್ಲಿಟ್ಟು ದಂತವೈದ್ಯರ ಬಳಿಗೆ ಹೋದರೆ ಹುಣ್ಣು ಮಾಯ್ದಿರುತ್ತದೆ, ಗುರುತೇ ಸಿಗುವುದಿಲ್ಲ. ತಾಳಿಕೊಳ್ಳುವಷ್ಟಿದ್ದರೆ ಹಿಂದಿನ ದಿನ ಹಾಕಿಕೊಂಡಿರಿ. ವೈದ್ಯರು ಸೆಟ್ಟಿನ ಒಳಮೈಗೆ ಬಿಳಿ ಪೇಸ್ಟ್ ಸವರಿ ಬಾಯಿಗಿಟ್ಟು ಒತ್ತಿ ತೆಗೆಯುತ್ತಾರೆ. ಪೇಸ್ಟ್ ಒರಸಿಹೋಗಿ ಗುಲಾಬಿ ಬಣ್ಣ ಇಣುಕಿದ ಕಡೆ ಅತಿಯಾಗಿ ಒತ್ತುತ್ತಿದೆ ಎಂದರ್ಥ, ಅಷ್ಟನ್ನೇ ಉಜ್ಜುತ್ತಾರೆ. ಮನೆಯಲ್ಲಿ ಅರ, ಉಪ್ಪುಕಾಗದ ಹಿಡಿಯುವ ಧೈರ್ಯ ದಯವಿಟ್ಟು ಬೇಡ.

ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡುತ್ತವೆಯೇ ಎಂದೂ ನೋಡಿಸಿ. ಕಚ್ಚುವಾಗ ಒಂದು ಬದಿ ಮೊದಲು ತಾಗಿದರೆ ಸೆಟ್ ಏಳುತ್ತಲೇ ಇರುತ್ತದೆ.

ಇನ್ನು ರಿಲೈನಿಂಗ್, ಅಂದರೆ ಸೆಟ್ಟಿನ ಒಳಮೈಗೆ ಈಗಿನ ದವಡೆಯ ಅಳತೆಗೆ ತಕ್ಕಂತೆ ಹೊಸ ಪದರ ಕೂರಿಸುವುದು. ಹಲ್ಲುಗಳು ಸವೆಯದೆ ಚೆನ್ನಾಗಿದ್ದರೆ ಇಷ್ಟು ಸಾಕು, ಹೊಸ ಸೆಟ್ ಬೇಡ. ವಸಡು ಕೆಂಪಾಗಿ ಊದಿದ್ದರೆ ಅದೇ ಸ್ಥಿತಿಯಲ್ಲಿ ಅಳತೆ ಕೊಡಬೇಡಿ, ಮೊದಲು ಅದು ಇಳಿಯಬೇಕು. ವಸಡು ತೀರ ತೆಳುವಾದವರಿಗೆ ಮೆತ್ತನೆಯ ಪದರ ಹಿತ. ಅದು ಕ್ರಮೇಣ ಗಟ್ಟಿಯಾಗುವುದರಿಂದ ಮತ್ತೆ ಬದಲಿಸಬೇಕಾಗುತ್ತದೆ.

ದವಡೆ ಚಪ್ಪಟೆಯೇ ಆಗಿದ್ದರೆ? ನಾಲಿಗೆಯ ಒತ್ತಡ ಮತ್ತು ಕೆನ್ನೆಯ ಒತ್ತಡ ಸರಿಸಮವಾಗುವ ಜಾಗ ಹುಡುಕಿ ಅಲ್ಲಿ ಹಲ್ಲು ಜೋಡಿಸುವ ವಿಧಾನವಿದೆ. ಖರ್ಚು ನಿಭಾಯಿಸಬಲ್ಲವರಿಗೆ ನನ್ನ ಮತ ಇಂಪ್ಲಾಂಟಿಗೆ, ಅಂದರೆ ದವಡೆಯ ಮೂಳೆಯೊಳಗೆ ಕೂರಿಸುವ ತಿರುಪಿನಂಥ ಆಸರೆಗೆ. ಹಿಂಬದಿ ಸವೆದರೂ ಕೆಳದವಡೆಯ ಮುಂಭಾಗದಲ್ಲಿ ಹೆಚ್ಚಾಗಿ ಮೂಳೆ ಉಳಿದಿರುತ್ತದೆ. ಅಲ್ಲಿ ಎರಡು ಇಂಪ್ಲಾಂಟ್ ಕೂರಿಸಿ, ಸೆಟ್ಟನ್ನು ಅವುಗಳ ಮೇಲೆ ಗುಂಡಿಯಂತೆ ಒತ್ತಿ ಹಾಕಬಹುದು. ಕೆಳದವಡೆಯ ಪೂರ್ಣ ಸೆಟ್ಟಿಗೆ ಇದೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲೇ ಮಾಂಟ್ರಿಯಲ್‌ನಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ಸಕ್ಕರೆ ಕಾಯಿಲೆ, ಧೂಮಪಾನ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಮಾತ್ರೆ ಅಥವಾ ಇಂಜೆಕ್ಷನ್, ಯಾವುದನ್ನೂ ಮುಚ್ಚಿಡಬೇಡಿ.

ಸೆಟ್ ಹಿಡಿಸುವ ಕ್ರೀಮನ್ನು ಒಣಗಿಸಿದ ಸೆಟ್ಟಿಗೆ ಮೂರು ನಾಲ್ಕು ಕಡೆ ಚಿಕ್ಕದಾಗಿ ಹಚ್ಚಿದರೆ ಸಾಕು. ದಿನವೂ ಬಳಿಯುವಷ್ಟು ಬೇಕಾಗುತ್ತಿದ್ದರೆ ರಿಲೈನಿಂಗ್ ಕಾಲ ಬಂದಿದೆ. ಸತುವಿರುವ ಕ್ರೀಮನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದವರಲ್ಲಿ ದೇಹದ ತಾಮ್ರದ ಅಂಶ ಕುಸಿದು ನರಗಳಿಗೆ ಹಾನಿಯಾಗಿದೆ.

ಉಳಿದದ್ದು ಅಭ್ಯಾಸ. ನಾಲಿಗೆಯ ತುದಿ ಕೆಳಗಿನ ಮುಂಭಾಗದ ಹಲ್ಲಿನ ಹಿಂದೆ ಮೆಲ್ಲಗೆ ಒರಗಿರಲಿ, ಹಿಂದಕ್ಕೆಳೆದರೆ ಸೆಟ್ ಏಳುತ್ತದೆ. ಸಣ್ಣ ತುತ್ತು ಮಾಡಿ ಎರಡೂ ಬದಿಯಲ್ಲಿ ಅಗಿಯಿರಿ. ಕೋಡುಬಳೆಯನ್ನು ಮುಂದಿನ ಹಲ್ಲಿನಿಂದ ಕಚ್ಚದೆ ಕೈಯಲ್ಲೇ ಮುರಿಯಿರಿ. ರಾಗಿ ಮುದ್ದೆಯವರಿಗೆ ಈ ತೊಂದರೆಯಿಲ್ಲ, ಅದು ಹೇಗೂ ನುಂಗುವುದೇ! ರಾತ್ರಿ ಸೆಟ್ ತೆಗೆದು, ಸೋಪು ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆದು ತಣ್ಣೀರಿನಲ್ಲಿಡಿ. ಬಿಸಿನೀರಿಗೆ ಸೆಟ್ ಸೊಟ್ಟಗಾಗಬಹುದು.

ಎರಡು ವಾರವಾದರೂ ಮಾಯದ ಹುಣ್ಣು, ಕೆಳತುಟಿಯ ಜೋಮು ಕಂಡರೆ ಸೆಟ್ ತೆಗೆದಿಟ್ಟು ತಕ್ಷಣ ತೋರಿಸಿ. ಹುಣ್ಣು ಕ್ಯಾನ್ಸರ್ ಇರಬಹುದು. ಜೋಮಿಗೆ, ಮೂಳೆ ಸವೆದು ಮೇಲಕ್ಕೆ ಬಂದ ನರವನ್ನು ಸೆಟ್ ಒತ್ತುತ್ತಿರುವುದೂ ಕಾರಣವಿರಬಹುದು.