ಬೀರುವಿನ ಡಿಸ್ಕ್ ಓಡುತ್ತಿರುವಾಗಲೇ ಇಳಿಸಿಕೊಳ್ಳಿ

ಹಬ್ಬಕ್ಕೆಂದು ಬೀರು ಒರೆಸುವಾಗ ಆಲ್ಬಮ್ಮಿನ ಅಡಿಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಹೊರಬರುತ್ತದೆ. ಮೇಲೆ ಗಂಡು ಹೆಣ್ಣಿನ ಫೋಟೊ, ಸುತ್ತ ಗುಲಾಬಿ ಹೂವಿನ ಅಂಚು, ಒಳಗೆ ಮದುವೆಯ ಡಿವಿಡಿ. ನಮ್ಮ ಮನೆಯದು 2006ರದ್ದು. ಅದರ ಜೊತೆಗೇ ಮಗಳ ನಾಮಕರಣದ ಫೋಟೊ ಇದ್ದ ಒಂದು ಸೀಡಿಯೂ ಇತ್ತು. ಪ್ಲೇಯರ್ ಗುಜರಿ ಸೇರಿ ಎಷ್ಟೋ ಕಾಲವಾಗಿದೆ. ಈಗಿನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ತೂರಿಸಲು ಜಾಗವೇ ಇಲ್ಲ. ಒಂದು ಭಾನುವಾರ ಹಟ ಹಿಡಿದು ಕೂತೆ. ಡಿವಿಡಿ ಸಲೀಸಾಗಿ ಬಂತು, ಸೀಡಿ ಅರ್ಧಕ್ಕೇ ನಿಂತಿತು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಅದರ ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲಿ ‘ನಾಮಕರಣ’ ಎಂದು ಒತ್ತಿ ಬರೆದಿದ್ದವನು ನಾನೇ.

ಸೀಡಿಯ ಹೊಳೆಯುವ ಬದಿಯನ್ನು ನಾವು ಕಣ್ಣಿಗೆ ಒತ್ತಿಕೊಂಡು ಕಾಪಾಡುತ್ತೇವೆ, ಲೇಬಲ್ ಬದಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ನಾಜೂಕಾಗಿರುವುದು ಆ ಲೇಬಲ್ ಬದಿಯೇ. 1.2 ಮಿಲಿಮೀಟರ್ ದಪ್ಪದ ಸೀಡಿಯಲ್ಲಿ ಮಾಹಿತಿಯ ಪದರ ಇರುವುದು ಲೇಬಲ್ಲಿನ ಕೂಡಲೇ ಕೆಳಗೆ, ತೆಳುವಾದ ಅರಗಿನ ಲೇಪನವೊಂದರ ಮರೆಯಲ್ಲಿ. ಡಿವಿಡಿ ಪುಣ್ಯವಂತ. ಅದರಲ್ಲಿ 0.6 ಮಿಲಿಮೀಟರಿನ ಎರಡು ತಟ್ಟೆಗಳ ನಡುವೆ ಮಾಹಿತಿ ಸುರಕ್ಷಿತವಾಗಿ ಕೂತಿರುತ್ತದೆ. ಆದರೆ ಸ್ಟುಡಿಯೊದವರು ಬರೆದುಕೊಟ್ಟ ಡಿಸ್ಕ್ ಯಾವುದೇ ಇರಲಿ, ಒಳಗಿರುವುದು ಲೇಸರ್ ಕಿರಣ ಬಣ್ಣದ ಪದರದಲ್ಲಿ ಮೂಡಿಸಿದ ಗುರುತು. ಬಿಸಿಲು, ಸೆಕೆಗೆ ಆ ಬಣ್ಣ ಕಾಲಕ್ರಮೇಣ ಮಾಸುತ್ತದೆ. ಇವತ್ತು ಓದಿದ ಡಿಸ್ಕ್ ಮುಂದಿನ ಯುಗಾದಿಗೆ ಓದೀತೆಂಬ ಖಾತರಿಯಿಲ್ಲ.

ಮೊದಲು ಡ್ರೈವ್

ಯುಎಸ್‌ಬಿಯಲ್ಲಿ ಸಿಕ್ಕಿಸುವ ಡಿವಿಡಿ ರೈಟರ್ ಸಾಕು, ಕಂಪ್ಯೂಟರ್ ಅಂಗಡಿಯಲ್ಲಿ ಈಗಲೂ ಸಿಗುತ್ತದೆ. ಡಿಸ್ಕ್ ತಿರುಗಲು ಶುರುವಾಗಿ ಮತ್ತೆ ಮತ್ತೆ ನಿಂತರೆ ಡಿಸ್ಕನ್ನು ಬೈಯುವ ಮೊದಲು ಯುಎಸ್‌ಬಿ ಹಬ್ ತೆಗೆದು ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿ. ಹಲವು ಸಲ ಸಾಲದೇ ಬರುವುದು ಕರೆಂಟು.

ಡಿಸ್ಕಿನಲ್ಲಿ ಧೂಳು, ಬೆರಳಚ್ಚು ಇದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಹಳೆಯ ಪಂಚೆಯ ತುಂಡಿಗಿಂತ ಒಳ್ಳೆಯದು ಬೇರೆ ಬೇಡ. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಬೇಕು, ತಟ್ಟೆ ಒರೆಸಿದ ಹಾಗೆ ಸುತ್ತು ಹೊಡೆಸಬಾರದು. ಮಾಹಿತಿ ಇರುವುದು ಸುರುಳಿಯಾಗಿ. ಅಡ್ಡಗೀರು ಪ್ರತಿ ಸುತ್ತಿನಲ್ಲೂ ಚೂರು ಚೂರು ಮಾತ್ರ ಕೆಡಿಸುವುದರಿಂದ ಡ್ರೈವ್ ಅದನ್ನು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುರುಳಿಯ ಗುಂಟ ಬಿದ್ದ ಗೀರು ಉದ್ದಕ್ಕೂ ಒಂದೇ ಕಡೆ ಅಳಿಸುತ್ತದೆ, ಅದನ್ನು ತುಂಬುವುದು ಕಷ್ಟ.

ಫೈಲ್ ಎಳೆಯಬೇಡಿ, ಇಮೇಜ್ ಮಾಡಿ

ಹೆಚ್ಚಿನವರು ಇಲ್ಲೇ ಎಡವುವುದು. ಡಿಸ್ಕ್ ತೆರೆದು, ಕಂಡ ಫೈಲುಗಳನ್ನೆಲ್ಲ ಹಿಡಿದು ಡೆಸ್ಕ್‌ಟಾಪಿಗೆ ಎಳೆಯುತ್ತಾರೆ. ನನ್ನ ಭಾವನೊಬ್ಬರು ಹೀಗೆಯೇ ಹನ್ನೆರಡು ಭಾವಗೀತೆ ಸೀಡಿಗಳನ್ನು ಐದೇ ನಿಮಿಷದಲ್ಲಿ ‘ಕಾಪಿ’ ಮಾಡಿ, ಮೂಲ ಸೀಡಿಗಳನ್ನು ಯಾರಿಗೋ ಕೊಟ್ಟುಬಿಟ್ಟರು. ಆಮೇಲೆ ನೋಡಿದರೆ ಒಂದೊಂದು ಹಾಡೂ 44 ಬೈಟ್! ಆಡಿಯೊ ಸೀಡಿಯಲ್ಲಿ ವಿಂಡೋಸ್ ತೋರಿಸುವ ಸಿಡಿಎ ಫೈಲು ಹಾಡಲ್ಲ. ಹಾಡು ಎಲ್ಲಿ ಶುರುವಾಗುತ್ತದೆ ಎಂಬ ಚೀಟಿ ಅಷ್ಟೇ.

ಇಮೇಜ್ ಎಂದರೆ ಇಲ್ಲಿ ಫೋಟೊ ಅಲ್ಲ. ಡಿಸ್ಕಿನಲ್ಲಿರುವುದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ, ಅದೇ ಸಾಲಿನಲ್ಲಿ ಒಂದೇ ಫೈಲಿಗೆ ಇಳಿಸಿದ ಪಡಿಯಚ್ಚು. ಅದಕ್ಕೆ ಐಎಸ್‌ಒ ಎಂಬ ಹೆಸರು ಅಂಟಿಕೊಂಡದ್ದು 1988ರ ಐಎಸ್‌ಒ 9660 ಎಂಬ ಮಾನದಂಡದಿಂದ. ಮದುವೆ ಡಿವಿಡಿಯ ಮೆನು, ‘ಧಾರೆ’, ‘ಆರತಕ್ಷತೆ’ ಎಂದು ಒತ್ತುವ ಗುಂಡಿಗಳು, ಹಿಂದೆ ಕೇಳುವ ನಾದಸ್ವರ ಎಲ್ಲವೂ ಹಾಗೇ ಉಳಿಯುತ್ತವೆ.

ವಿಂಡೋಸ್ ತಾನಾಗಿ ಡಿಸ್ಕಿನಿಂದ ಐಎಸ್‌ಒ ಮಾಡಿಕೊಡುವುದಿಲ್ಲ. ನಾನು ಬಳಸುವುದು ಇಮ್ಗ್‌ಬರ್ನ್ ಎಂಬ ಉಚಿತ ತಂತ್ರಾಂಶ. 2013ರ ನಂತರ ಹೊಸ ಆವೃತ್ತಿ ಬಂದಿಲ್ಲವಾದರೂ ಕೆಲಸದಲ್ಲಿ ಚೊಕ್ಕ. ಇನ್‌ಸ್ಟಾಲ್ ಮಾಡುವಾಗ ಬೇರೇನಾದರೂ ಪ್ರೋಗ್ರಾಂ ಜೊತೆಗೆ ಹಾಕಲೇ ಎಂದು ಕೇಳಿದರೆ ಬೇಡ ಅನ್ನಿ. ‘ಕ್ರಿಯೇಟ್ ಇಮೇಜ್ ಫೈಲ್ ಫ್ರಮ್ ಡಿಸ್ಕ್’ ಒತ್ತಿ, ಎಲ್ಲಿ ಉಳಿಸಬೇಕೆಂದು ತೋರಿಸಿ, ಕಾಫಿ ಕುಡಿದು ಬನ್ನಿ. ಉಬುಂಟುವಿನಲ್ಲಿ ‘ಡಿಸ್ಕ್ಸ್’, ಮ್ಯಾಕ್‌ನಲ್ಲಿ ‘ಡಿಸ್ಕ್ ಯುಟಿಲಿಟಿ’ ಇದೇ ಕೆಲಸ ಮಾಡುತ್ತವೆ.

ಸೀಡಿಯಲ್ಲೇ ಸಿನಿಮಾ ತುಂಬಿ ಕೊಡುತ್ತಿದ್ದ ವಿಸಿಡಿಯದು ಬೇರೆಯೇ ಕಥೆ. ಸಾಮಾನ್ಯ ಡೇಟಾ ಸೀಡಿಯ ಒಂದು ಸೆಕ್ಟರಿನಲ್ಲಿ, ಅಂದರೆ ಒಂದು ತುಣುಕಿನಲ್ಲಿ, 2,048 ಬೈಟ್ ಮಾಹಿತಿ, ಉಳಿದ ಜಾಗದ ಬಹುಪಾಲು ತಪ್ಪು ತಿದ್ದಲು ಮೀಸಲು. ವಿಸಿಡಿಯಲ್ಲಿ ಆ ಮೀಸಲನ್ನೂ ಕಸಿದು ಸೆಕ್ಟರಿಗೆ 2,324 ಬೈಟ್ ಚಿತ್ರ ತುಂಬಿದ್ದಾರೆ. ಅಷ್ಟಾದರೂ ಹಿಡಿಸಿದ್ದು 74 ನಿಮಿಷ, ಹಾಗಾಗಿಯೇ ಒಂದು ಸಿನಿಮಾಕ್ಕೆ ಎರಡು–ಮೂರು ಡಿಸ್ಕ್. ಸಣ್ಣ ಗೀರಿಗೂ ನಾಯಕನ ಮುಖ ಚೌಕ ಚೌಕವಾಗಿ ಒಡೆಯುತ್ತಿದ್ದುದು ಆ ಮೀಸಲು ಇಲ್ಲದ್ದಕ್ಕೇ. ಈ ದೊಡ್ಡ ಸೆಕ್ಟರುಗಳು ಐಎಸ್‌ಒಗೆ ಒಗ್ಗುವುದಿಲ್ಲ. ಇಮ್ಗ್‌ಬರ್ನ್ ಇದನ್ನು ತಾನೇ ಅರಿತು ಬಿನ್, ಕ್ಯೂ ಎಂಬ ಜೋಡಿ ಫೈಲು ಮಾಡುತ್ತದೆ. ಎರಡನ್ನೂ ಜೊತೆಗಿಡಿ, ಹೆಸರು ಬದಲಿಸಬೇಡಿ. ಆಡಿಯೊ ಸೀಡಿಗೂ ಇದೇ ಜೋಡಿ ನಡೆಯುತ್ತದೆ, ಆದರೆ ಹಾಡು ಕೇಳುವುದಷ್ಟೇ ಬೇಕಿದ್ದರೆ ವಿಂಡೋಸಿನ ಮೀಡಿಯಾ ಪ್ಲೇಯರ್‌ನಲ್ಲಿ ‘ರಿಪ್’ ಕೊಟ್ಟು ಗುಣಮಟ್ಟ ಕಳೆಯದ ಫ್ಲ್ಯಾಕ್ ರೂಪದಲ್ಲಿ ಇಳಿಸಿಕೊಳ್ಳುವುದೇ ಸುಲಭ.

ಅಂಗಡಿಯಿಂದ ತಂದ ಸಿನಿಮಾ ಡಿವಿಡಿಗಳ ಮಾತು ಇಲ್ಲಿ ಆಡುತ್ತಿಲ್ಲ. ಅವುಗಳಿಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ. ಹಕ್ಕು ಉಲ್ಲಂಘಿಸಲೆಂದು ಆ ಬೀಗ ಮುರಿಯುವುದು ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನಡಿ ಅಪರಾಧ.

ನಡುವೆ ನಿಂತರೆ

ಡಿಸ್ಕನ್ನು ನೀರಿಗೆ ಹಿಡಿದು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ತೊಳೆದು, ಪೂರ್ತಿ ಒಣಗಿಸಿ. ಓದುವ ವೇಗ ತಗ್ಗಿಸಿ. ಆಗಲೂ ಬಾರದಿದ್ದರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಕೈಚೆಲ್ಲಿದ್ದನ್ನು ಇನ್ನೊಂದು ಓದಿಬಿಡುವುದು ಅಪರೂಪವೇನಲ್ಲ. ಟೂತ್‌ಪೇಸ್ಟ್ ಉಜ್ಜಿ ಎನ್ನುವವರಿದ್ದಾರೆ. ಮಿಕ್ಕೆಲ್ಲ ಸೋತ ಮೇಲೆ ಬೇಕಾದರೆ ಉಜ್ಜಿ, ಮೊದಲೇ ಬೇಡ.

ನನ್ನ ಸೀಡಿಗೆ ಕೊನೆಗೆ ದಾರಿಯಾದದ್ದು ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. ಅದು ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಗುದ್ದಾಡುತ್ತ ಕೂರುವುದಿಲ್ಲ. ಅದನ್ನು ಹಾರಿ, ಓದಲು ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಆಮೇಲೆ ಬಿಟ್ಟ ಜಾಗಕ್ಕೆ ಮರಳುತ್ತದೆ. ಎಲ್ಲೆಲ್ಲಿ ಬಿಟ್ಟಿದೆ ಎಂಬ ಪಟ್ಟಿಯನ್ನೂ ಬರೆದಿಡುವುದರಿಂದ ನೆರೆಮನೆಯ ಹಳೆಯ ಕಂಪ್ಯೂಟರಿನಲ್ಲಿ ಅದೇ ಪಟ್ಟಿ ಕೊಟ್ಟು ಕೆಲಸ ಮುಂದುವರಿಸಿದೆ. ಮೂರು ಫೋಟೊ ಮಾತ್ರ ಅರ್ಧದಿಂದ ಕೆಳಗೆ ಬೂದುಬಣ್ಣ.

ಇಳಿಸಿದ್ದನ್ನು ನೋಡುವುದು

ವಿಂಡೋಸ್ 8ರಿಂದ ಈಚೆಗೆ ಐಎಸ್‌ಒ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಸಾಕು, ‘ದಿಸ್ ಪಿಸಿ’ಯಲ್ಲಿ ಹೊಸ ಡ್ರೈವ್ ಕಾಣಿಸಿಕೊಂಡು, ಡಿಸ್ಕ್ ಹಾಕಿದಂತೆಯೇ ತೆರೆದುಕೊಳ್ಳುತ್ತದೆ. ಮುಗಿದ ಮೇಲೆ ಅದರ ಮೇಲೆ ಬಲಗುಂಡಿ ಒತ್ತಿ ‘ಇಜೆಕ್ಟ್’ ಕೊಡಿ. ಡಿವಿಡಿಯಾದರೆ ಐಎಸ್‌ಒ ಫೈಲನ್ನು ನೇರವಾಗಿ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ತಂತ್ರಾಂಶಕ್ಕೆ ಕೊಟ್ಟರೂ ಮೆನು ಸಮೇತ ಓಡುತ್ತದೆ. ಗುರುತಿಲ್ಲದವರು ಇಮೇಲಿನಲ್ಲಿ ಕಳಿಸಿದ ಐಎಸ್‌ಒ ಮಾತ್ರ ತೆರೆಯಬೇಡಿ, ವೈರಸ್ ಅಡಗಿಸಿ ಕಳಿಸುವ ದಾರಿಗಳಲ್ಲಿ ಅದೂ ಒಂದು.

ವಾಟ್ಸ್‌ಆ್ಯಪಿನಲ್ಲಿ ಅತ್ತಿಗೆಗೆ ಕಳಿಸಬೇಕೆಂದರೆ ವಿಡಿಯೊ ರೂಪ ಬದಲಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಬೇಕಾದ ಭಾಗವನ್ನು ಎಂಪಿ4 ಮಾಡಿ. ಆಗ ‘ಡಿಇಂಟರ್‌ಲೇಸ್’ ಆಯ್ಕೆ ಮರೆಯಬೇಡಿ, ಇಲ್ಲದಿದ್ದರೆ ಕೈ ಅಲ್ಲಾಡಿದಲ್ಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆಗಳು. ಎಂಪಿ4 ಆಯಿತೆಂದು ಐಎಸ್‌ಒ ಅಳಿಸಬೇಡಿ.

ಪೆನ್‌ಡ್ರೈವಿಗೆ ಹಾಕುವಾಗ ‘ಫೈಲ್ ತೀರಾ ದೊಡ್ಡದು’ ಎಂಬ ತಕರಾರು ಬಂದರೆ ಜಾಗ ಸಾಲದೆ ಅಲ್ಲ. 4.7 ಜಿಬಿ ಎಂದು ಮಾರುವ ಡಿವಿಡಿ ತುಂಬಿದ್ದರೆ ವಿಂಡೋಸಿನ ಲೆಕ್ಕದಲ್ಲಿ ಸುಮಾರು 4.38 ಜಿಬಿ. ಫ್ಯಾಟ್32 ಎಂಬ ಹಳೆಯ ವ್ಯವಸ್ಥೆಯ ಪೆನ್‌ಡ್ರೈವ್ 4 ಜಿಬಿಯ ಆಚೆಗಿನ ಫೈಲನ್ನು ಹಿಡಿಯುವುದಿಲ್ಲ. ಅದರಲ್ಲಿರುವುದನ್ನು ಬೇರೆ ಕಡೆ ಎತ್ತಿಟ್ಟು, ದೊಡ್ಡ ಫೈಲನ್ನೂ ಹಿಡಿಯುವ ಎಕ್ಸ್‌ಫ್ಯಾಟ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ. ಹಾರ್ಡ್ ಡಿಸ್ಕಿನಲ್ಲೊಂದು, ಇನ್ನೊಂದು ಊರಿನ ಮನೆಯಲ್ಲೊಂದು ಪ್ರತಿ ಇಟ್ಟರೆ ನೆಮ್ಮದಿ.

ಡಿಸ್ಕಿನಲ್ಲೇ ಬೇಕು ಎನ್ನುವ ಹಿರಿಯರಿದ್ದರೆ ಐಎಸ್‌ಒ ಮೇಲೆ ಬಲಗುಂಡಿ ಒತ್ತಿ ‘ಬರ್ನ್ ಡಿಸ್ಕ್ ಇಮೇಜ್’ ಆರಿಸಿ, ‘ವೆರಿಫೈ’ಗೆ ಟಿಕ್ ಹಾಕಿ. ಐಎಸ್‌ಒ ಫೈಲನ್ನೇ ಎಳೆದು ಖಾಲಿ ಡಿಸ್ಕಿಗೆ ಹಾಕಿದರೆ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಹೆಸರನ್ನು ಸೀಡಿ ಮಾರ್ಕರಿನಿಂದ ನಡುವಿನ ಪಾರದರ್ಶಕ ಉಂಗುರದ ಮೇಲೆ ಬರೆಯಿರಿ. ನಮ್ಮ ಮನೆಯಲ್ಲಂತೂ ಆ ಕೆಲಸ ಈಗ ಹೆಂಡತಿಯದು, ನನ್ನ ಕೈಗೆ ಪೆನ್ನು ಕೊಡುವುದಿಲ್ಲ.