ಪುಣೆಯಲ್ಲಿ ಹಳೇ ಪೋರ್ಶೆ ನೋಡ್ತಿರೋರಿಗೆ: ಐಎಂಎಸ್ ಬೇರಿಂಗ್

ಗ್ರೂಪ್‌ನಲ್ಲಿ ಒಂದಿಬ್ಬರು ಸೆಕೆಂಡ್ ಹ್ಯಾಂಡ್ ಬಾಕ್ಸ್‌ಟರ್, 911 ಹುಡುಕ್ತಿದ್ದಾರೆ, ಅದಕ್ಕೇ ಬರೀತಿದೀನಿ. 1997ರಿಂದ 2008ರವರೆಗಿನ ಈ ಗಾಡಿಗಳಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ (ಐಎಂಎಸ್) ಬೇರಿಂಗ್ ಅಂತ ಒಂದಿದೆ; ಕ್ರ್ಯಾಂಕಿನ (ಪಿಸ್ಟನ್ ತಿರುಗಿಸೋ ಮುಖ್ಯ ಶಾಫ್ಟ್) ತಿರುಗನ್ನ ಕ್ಯಾಮ್‌ಗೆ (ವಾಲ್ವ್ ತೆರೆಯೋ ಶಾಫ್ಟ್) ಮುಟ್ಟಿಸೋ ಶಾಫ್ಟನ್ನ ಹಿಡಿದಿರೋದು ಇದೇ. ಅದು ಹೋದ್ರೆ ಟೈಮಿಂಗ್ ತಪ್ಪಿ ವಾಲ್ವ್ ಪಿಸ್ಟನ್‌ಗೆ ಬಡಿದು ಎಂಜಿನ್ನೇ ಮಟಾಷ್. 911ರಲ್ಲೇ ಟರ್ಬೊ, ಜಿಟಿ3 ಮಾಡೆಲ್‌ಗಳಿಗೆ ಈ ಕಾಟ ಇಲ್ಲ, ಅವುಗಳ ಎಂಜಿನ್ ಬೇರೆ.

ಬೇರಿಂಗ್ ಕೈಗೆ ಸಿಗಬೇಕಂದ್ರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲಾ ಇಳಿಸಬೇಕು. ಹಾಗಾಗಿ ಕ್ಲಚ್ ಕೆಲಸಕ್ಕೆ ಬಿಟ್ಟಾಗಲೇ ಇದನ್ನೂ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನೂ ಹಾಕಿಸಿಬಿಡಿ; ಲೇಬರ್ ಒಂದೇ ಸಲ.

ಅದಕ್ಕೂ ಮೊದಲು ಆಯಿಲ್ ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡೀರಿ. ಮಿನುಗೋ ಚೂರು ಅಯಸ್ಕಾಂತಕ್ಕೆ ಅಂಟ್ತಾ ಇದ್ರೆ ಬರೀ ಬೇರಿಂಗ್ ಬದಲಿಸಿ ಉಪಯೋಗವಿಲ್ಲ, ಚೂರು ಆಗಲೇ ಎಂಜಿನ್ನೆಲ್ಲಾ ಸುತ್ತಿರುತ್ತೆ.

2006ರಿಂದ 2008ರವರೆಗಿನವುಗಳಲ್ಲಿ ಬೇರಿಂಗ್ ದೊಡ್ಡದು, ಎಂಜಿನ್ ಎರಡು ಹೋಳು ಮಾಡದೆ ಹೊರಗೆ ಬರಲ್ಲ. ಅಲ್ಲಿ ಬೇರಿಂಗಿನ ಹೊರಗಿನ ಸೀಲ್ ಮಾತ್ರ ಕಿತ್ತು, ಎಂಜಿನ್ ಆಯಿಲ್ ಬೇರಿಂಗ್ ಒಳಗೆ ಹೋಗೋ ಹಾಗೆ ಮಾಡ್ತಾರೆ.

ಕೆಲಸಕ್ಕೆ ಕೊಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: ಟೈಮಿಂಗ್ ತಪ್ಪದ ಹಾಗೆ ಕ್ರ್ಯಾಂಕ್, ಕ್ಯಾಮ್ ಲಾಕ್ ಮಾಡೋ ಟೂಲ್ ಇದೆಯಾ? ‘ಹೋಯೀಲ್ ಸಾಹೇಬ್’ (ಮರಾಠಿಯಲ್ಲಿ ‘ಆಗುತ್ತೆ ಸಾರ್’) ಅಂತಷ್ಟೇ ಉತ್ತರ ಬಂದ್ರೆ ಗಾಡಿ ವಾಪಸ್ ತನ್ನಿ. ಮಳೆಗಾಲ ಪೂರ್ತಿ ಕವರ್ ಹೊದಿಸಿ ನಿಲ್ಲಿಸಬೇಡಿ, ಲೋಣಾವಳದವರೆಗಾದ್ರೂ ಆಗಾಗ ಓಡಿಸ್ತಿರಿ.